ಬರೀ ಜಾಲಿ

ಏಪ್ರಿಲ್ ೧೩, ಭಾನುವಾರ

ಇವತ್ತು ಬೀಚ್. ಈಗ ಹಾಗೆ ಕರೆಯುತ್ತಾರೆ — ತುಂಗಭದ್ರಾ ಹಿನ್ನೀರು ಬೇಸಿಗೆಗೆ ಹಿಂದೆ ಸರಿದ ಜಾಗವನ್ನು. ಹಗರಿಬೊಮ್ಮನಹಳ್ಳಿಯಿಂದ ಆಟೊ. ನೀರಿನಂಚಿಗೆ ಒಡೆದ ಬಾಟಲಿ, ಚಿಪ್ಸ್ ಪಾಕೀಟು, ಯಾರದೋ ಹುಟ್ಟುಹಬ್ಬದ ಕೇಕಿನ ಡಬ್ಬಿ. ಖಾಜಾಬೀ ಸೀರೆ ಎತ್ತಿಕೊಂಡು ಇಳಿದೇ ಬಿಟ್ಟಳು. ಮೂವತ್ತು ವರ್ಷ ನಮ್ಮ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದವಳು. ಕೊಟ್ಟೂರು ಬಿಟ್ಟು ಏನೂ ನೋಡಿಲ್ಲ. ಹೊಲಿಗೆ ಮಷೀನು ಮಾರಿದ ದಿನ ಹೇಳಿದ್ದಳು — "ಟೀಚರ್, ಈ ಬ್ಯಾಸಿಗ್ಯಾಗ ನಾಕು ಜಾಗ ತೋರಸ್ರಿ. ದೂರದ್ದು ಬ್ಯಾಡ. ನಮ್ಮವೇ."

ಹೋದ ವಾರ ಗುಡೇಕೋಟೆಯ ಕರಡಿಧಾಮ. ಬಂಡೆ, ಬಿಸಿಲು. ಕರಡಿ ಕಾಣಲಿಲ್ಲ.

"ನೀವು ಬರೋದು ಗೊತ್ತಾಗಿ ಅಡಗ್ಯಾವ್ರಿ. ಎಲ್ಲಿ ಪದ್ಯ ಒಪ್ಪಿಸು ಅಂತೀರೋ ಅಂತ."

ಇವತ್ತೂ ಅದನ್ನೇ ನೆನೆಸಿ ನಗಿಸಿದಳು. ಗಾಜು ಆರಿಸುತ್ತಿದ್ದೆ. ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

ಏಪ್ರಿಲ್ ೨೦, ಭಾನುವಾರ

ಕಾಳವ್ವನ ಕೆರೆ. ದಂಡೆಯ ಮೇಲೆ ಉದ್ಯಾನದ ಅಡಿಗಲ್ಲು ಮೂರು — ೧೯೯೪, ೨೦೦೬, ೨೦೧೭. ಮೂರೂ ಸಮಾರಂಭಕ್ಕೆ ಮಕ್ಕಳಿಂದ ಸ್ವಾಗತಗೀತೆ ಹಾಡಿಸಿದವಳು ನಾನೇ. ಉದ್ಯಾನವಿಲ್ಲ. ಹಕ್ಕಿಗಳಿವೆ. ಅವು ಅಡಿಗಲ್ಲಿಗೆ ಕಾಯಲಿಲ್ಲ. ನೀರೊಳಗಿನ ಕರಿಜಾಲಿ ಮರಗಳ ತುಂಬ ಬಣ್ಣದ ಕೊಕ್ಕರೆ, ಗೂಡುಗಳಲ್ಲಿ ಮರಿ.

೧೯೮೯ರಲ್ಲಿ ಏಳನೇ ತರಗತಿಯನ್ನು ಇಲ್ಲಿಗೆ ನಡೆಸಿಕೊಂಡು ಬಂದಿದ್ದೆ. ಆಗ ದಂಡೆಯ ಮೇಲೆ ದಾರಿಯಿತ್ತು. ಈಗ ಬಳ್ಳಾರಿ ಜಾಲಿ. ಯಾವುದೋ ದೇಶದಿಂದ ತಂದು ಬಿತ್ತಿದ ಮುಳ್ಳು, ಅದರಲ್ಲಿ ಯಾವ ಹಕ್ಕಿಯೂ ಗೂಡು ಕಟ್ಟಿದ್ದು ನಾನು ಕಂಡಿಲ್ಲ. ಖಾಜಾಬೀಯ ಚಪ್ಪಲಿ ದಾಟಿ ಹಿಮ್ಮಡಿಗೇ ನೆಟ್ಟಿತು. ಶುಗರ್ ಬೇರೆ ಅವಳಿಗೆ. ಅರ್ಧಕ್ಕೇ ಕೂತೆವು.

"ಇಲ್ಲಿಂದ ಹತ್ತಿ ಅಂಟಿದಂಗ ಕಾಣ್ತಾವ್ರಿ. ಬಣ್ಣ ಎಲ್ಲೈತಿ?"

"ರೆಕ್ಕಿ ತುದೀಗೆ ಗುಲಾಬಿ ಐತಿ. ಆ ತಿರುವಿನ ತನಕ ಹೋದ್ರ ಕಾಣತೈತಿ."

"ಗುಲಾಬಿನೋ ಏನೋ ನಾನು ನೋಡಿ ಹೇಳ್ತೀನಿ. ನೀವು ನೇರಳಿಗೂ ನೀಲಿ ಅನ್ನೋರು."

ತಿರುವಿನ ತನಕ ಕರೆದುಕೊಂಡು ಹೋಗೇ ಹೋಗುತ್ತೇನೆ ಎಂದು ಮಾತು ಕೊಟ್ಟೆ.

ಏಪ್ರಿಲ್ ೨೧

ತಾಲ್ಲೂಕು ಕಚೇರಿಗೆ ಅರ್ಜಿ ಹೋಯಿತು. ರಿಜಿಸ್ಟರ್ ಪೋಸ್ಟ್. ಮೂವತ್ತೆಂಟನೆಯದು. ಹಿಂದಿನ ಮೂವತ್ತೇಳಕ್ಕೂ ಉತ್ತರವಿಲ್ಲ, ನಕಲುಗಳು ಟ್ರಂಕಿನಲ್ಲಿವೆ.

ನಾಲ್ಕು ಸಲ ತಿದ್ದಿದೆ. "ಕೆರೆಯ ದಂಡೆ ಹಾಗೂ ಅಂಗಳದಲ್ಲಿ ಬೆಳೆದಿರುವ ಬಳ್ಳಾರಿ ಜಾಲಿಯನ್ನು ಸಂಪೂರ್ಣವಾಗಿ ತೆಗೆಸಬೇಕು." ಓದಿ ಮೈ ಉರಿಯಿತು. ಜಿಲ್ಲೆ ಒಡೆದು ಬಳ್ಳಾರಿಯನ್ನು ನಮ್ಮಿಂದ ಬೇರೆ ಮಾಡಿದರು, ಮುಳ್ಳಿಗೆ ಮಾತ್ರ ಆ ಹೆಸರು ಉಳಿಸಿದರು! ಹುಟ್ಟಿದ ಜಿಲ್ಲೆಯ ಹೆಸರನ್ನು ಕಳೆಗೆ ನನ್ನ ಕೈಯಾರೆ ಬರೆಯಲಾರೆ. 'ಬಳ್ಳಾರಿ' ಹೊಡೆದುಹಾಕಿದೆ. ವಾಕ್ಯ ಚೊಕ್ಕಟವಾಯಿತು.

ಮೇ ೧೪, ಬುಧವಾರ

ಉತ್ತರ ಬಂದಿದೆ! ಸೀಲು, ಸಹಿ ಎಲ್ಲ. "ತಮ್ಮ ಕೋರಿಕೆಯಂತೆ ಜಾಲಿ ತೆರವು ಕಾರ್ಯ ಪೂರ್ಣಗೊಂಡಿದೆ."

ಖಾಜಾಬೀಗೆ ಎರಡು ಸಲ ಓದಿ ಹೇಳಿದೆ. ಬೀದಿಗೆಲ್ಲ ಸಾರಿಕೊಂಡು ಬಂದಳು — "ನಮ್ಮ ಟೀಚರ್ ಪೆನ್ನಿಗೆ ಜೆಸಿಬಿ ಬಂದೈತಿ ನೋಡ್ರಿ!" ಭಾನುವಾರ ಹೋಗುವುದು. ನಾಳೆ ನಾನೊಬ್ಬಳೇ ಹೋಗಿ ದಾರಿ ನೋಡಿ ಬರುತ್ತೇನೆ. ಅವಳ ಕಾಲಿಗೆ ಇನ್ನೊಂದು ಮುಳ್ಳು ಸಿಗಬಾರದು.

ಮೇ ೧೫

ದಾರಿ ಆಗಿದೆ. ತಿರುವಿನ ತನಕ. ಒಂದು ಮುಳ್ಳಿಲ್ಲ.

ಮರಗಳೂ ಇಲ್ಲ.

ನೀರಲ್ಲಿ ಬುಡಗಳು. ಕೆಸರಲ್ಲಿ ಗೂಡಿನ ಕಡ್ಡಿ, ಪುಕ್ಕ... ಕೆರೆಯ ವಾಚರ್ ಹುಲುಗೇಶ ಬುಟ್ಟಿಯೊಂದನ್ನು ಗೋಣಿಚೀಲದಿಂದ ಮುಚ್ಚಿಕೊಂಡು ಕೂತಿದ್ದ. ನನ್ನ ಹಳೆಯ ವಿದ್ಯಾರ್ಥಿ. "ಹನ್ನೊಂದು ಮರಿ ಆರಿಸಿದ್ನಿ. ಮೂರು ಬದುಕ್ಯಾವ್ರಿ."

ಕೂಗಾಡಿದೆ. ಯಾವ ಕುರುಡ ಕಡಿಸಿದ? ಕರಿಜಾಲಿಗೂ ಬಳ್ಳಾರಿ ಜಾಲಿಗೂ ವ್ಯತ್ಯಾಸ ತಿಳಿಯದ ಯಾವ ಗಾಂಪ?

ಅವನು ಜೇಬಿನಿಂದ ಜೆರಾಕ್ಸ್ ತೆಗೆದ. ನನ್ನ ಅಕ್ಷರ.

"ನಾನು ಅಡ್ಡ ನಿಂತೀನ್ರಿ. ಕಾಂಟ್ರಾಕ್ಟರ್ ಇದನ್ನ ಮುಂದ ಹಿಡದ. ಜಾಲಿ ಅಂತ ಐತಿ, ಸಂಪೂರ್ಣ ಅಂತ ಐತಿ, ನಿಮ್ಮ ಟೀಚರೇ ಬರ್ದಾರ ಅಂದ." ತಲೆ ತಗ್ಗಿಸಿದ. "ಒಂದು ಪದ ಬಿಟ್ರ ಅರ್ಥ ಕೆಡತೈತಿ ಅಂತ ನನಗ ಎಷ್ಟು ಬಾರಿಸೀರಿ ಟೀಚರ್..."

ಅಣಕವಲ್ಲ. ಅಣಕವಾಗಿದ್ದರೆ ತಿರುಗಿ ಬೈಯಬಹುದಿತ್ತು.

ಕರಿಜಾಲಿ ಗಟ್ಟಿ ಕಟ್ಟಿಗೆ. ಕೆಸರಲ್ಲಿ ಲಾರಿ ಚಕ್ರದ ಗುರುತಿದೆ. ಕಡಿದವರಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕಡಿದರು. ಕಾಗದ ಮಾತ್ರ ನನ್ನದು.

ಮೇ ೧೮, ಭಾನುವಾರ

ಹೊಟ್ಟೆ ಸರಿಯಿಲ್ಲ ಎಂದೆ. ಖಾಜಾಬೀ ಜೀರಿಗೆ ನೀರು ಕಾಯಿಸಿ ತಂದಳು. ಎದುರಿಗೇ ಕೂತು ಪೂರ್ತಿ ಕುಡಿಸಿದಳು.

ಮೂವತ್ತೊಂಬತ್ತನೇ ಅರ್ಜಿ ಶುರುಮಾಡಿದೆ, ಕಾಂಟ್ರಾಕ್ಟರನ ಮೇಲೆ. ಎರಡನೇ ಪ್ಯಾರಾದಲ್ಲಿ "ಅರ್ಜಿದಾರರ ಸದುದ್ದೇಶವನ್ನು ತಿರುಚಿ" ಎಂದು ಬಂತು. ಹರಿದುಹಾಕಿದೆ.

ಮೇ ೨೫, ಭಾನುವಾರ. ಬೆಳಿಗ್ಗೆ ೬-೧೦

ಕಟ್ಟೆಯ ಮೇಲೆ ಬಂದು ಕೂತಿದ್ದಾಳೆ. ಕಾಲಿಗೆ ಹೊಸ ಕ್ಯಾನ್ವಾಸ್ ಶೂ. ಮಡಿಲಲ್ಲಿ ದಾರದ ರೀಲು ಮೂರು, ಮೂರು ಥರದ ಗುಲಾಬಿ. ಕೊಕ್ಕರೆ ರೆಕ್ಕೆಗೆ ಯಾವುದು ಮ್ಯಾಚ್ ಆಗುತ್ತದೋ ತಿರುವಿನಲ್ಲಿ ನಿಂತು ಹಿಡಿದು ನೋಡಬೇಕಂತೆ.

"ಲಗೂ ಬರ್ರಿ ಟೀಚರ್! ಹೊಟ್ಟಿ ನೋವು ಅಂತ ಇವತ್ತು ಮತ್ತ ನಾಟಕ ಮಾಡಿದ್ರ ನಾನು ಬಿಡಂಗಿಲ್ಲ!"

ಬಂದೆ ಅಂದೆ.

ಇಲ್ಲಿ ಒಂದು ಸಲ ಬರೆದುಕೊಂಡು, ಹೊರಗೆ ಹೋಗಿ ಓದಿಬಿಡುತ್ತೇನೆ. ಒಂದೇ ವಾಕ್ಯ. ಈ ಸಲ ಯಾವ ಪದವನ್ನೂ ಹೊಡೆಯದೆ. ಖಾಜಾ, ಹಕ್ಕಿ ಗೂಡು ಕಟ್ಟಿದ್ದ ಕರಿಜಾಲಿ ಮರಗಳನ್ನು ನಾನು—