ಬಾಳೆನಾರಿನ ಗುರುತು

ಪಯ್ಯನ್ನೂರು
ತುಲಾಮಾಸ ೧೪

ಮಗಳೇ ಪ್ರಸೀತಾ,

ನಿನ್ನ ಕೋಪ ಇಳಿದಿರಲಿಕ್ಕಿಲ್ಲ ಅಂತ ಗೊತ್ತಿದ್ದೇ ಬರೀತಿದ್ದೇನೆ. ಫೋನಂತೂ ಎತ್ತುವುದಿಲ್ಲ, ಕಾಗದವನ್ನಾದರೂ ಹರಿಯುವ ಮೊದಲು ಓದು.

ನವರಾತ್ರಿ ಮುಗಿಸಿ ನೀವು ಕೋಝಿಕ್ಕೋಡಿಗೆ ಹೊರಟ ದಿನ, ಬಸ್‌ಸ್ಟ್ಯಾಂಡಿನಲ್ಲಿ ನಿಳಾಳ ಎಡಗೈ ಎತ್ತಿ ಹಿಡಿದು, ಎಡಗೈ ಬಳಸಬಾರದೆಂದು ಮಗುವಿನ ಕೈ ಕಟ್ಟಿಹಾಕಿದ್ದು ನೀನೇ ಅಮ್ಮಾ ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗಿದೆ. ಅವಳ ಬಾಯಲ್ಲಿದ್ದ ಎರಡು ಮಾತೂ ಅದರಿಂದಲೇ ನಿಂತುಹೋದವು, ಇನ್ನು ನಿನ್ನ ಹೊಸ್ತಿಲು ತುಳಿಸುವುದಿಲ್ಲ ಅಂದೆ. ಐದು ವರ್ಷದ ಮೊಮ್ಮಗಳ ಮುಖ ನೋಡದೆ ನಾನು ಯಾರಿಗಾಗಿ ಬದುಕಲಿ, ಹೇಳು.

ಮಣಿಕಟ್ಟಿನ ಮೇಲಿದ್ದ ಗುರುತು ಬಾಳೆನಾರಿನದೇ. ದಿನಾ ದೇವಸ್ಥಾನಕ್ಕೆ ಹೂ ಕಟ್ಟಿ ಕೊಡುವವಳು ನಾನು, ಅನುಮಾನ ಬಂದದ್ದು ತಪ್ಪಲ್ಲ. ವಿಜಯದಶಮಿಗೆ ಅಕ್ಕಿಯ ಮೇಲೆ ಅಕ್ಷರ ಬರೆಸುವಾಗ ಅವಳ ಬಲಗೈ ಬೆರಳನ್ನೇ ಹಿಡಿದೆ, ಅದನ್ನೂ ಒಪ್ಪುತ್ತೇನೆ. ಅವಳು ಕಿರುಚಿ ತಟ್ಟೆ ಮಗುಚಿದಳು, ನಾನು ಬಿಟ್ಟುಬಿಟ್ಟೆ. ಅಷ್ಟೇ.

ನನಗೆ ಅನುಮಾನ ಇದ್ದದ್ದು ಪಕ್ಕದ ಮನೆ ಕೌಸಲ್ಯೆಯ ಮೇಲೆ. ಹೂ ಕಟ್ಟಲು ನೆರವಿಗೆ ಬರುತ್ತಾಳಲ್ಲ, ನಿಳಾ ಎಡಗೈಯಲ್ಲಿ ಅನ್ನ ಬಾಯಿಗಿಟ್ಟರೆ ಮುಖ ಸಿಂಡರಿಸುವವಳು ಅವಳೇ. ನೀವು ಹೋದ ಮೇಲೆ ಒಂದು ವಾರ, ಅವಳು ನಾರು ಸುತ್ತುವ ಕೈಮೇಲೆಯೇ ಕಣ್ಣಿಟ್ಟಿದ್ದೆ. ಕೊನೆಗೆ ತಡೆಯದೆ ಕೇಳಿಯೇ ಬಿಟ್ಟೆ. ನಿಮ್ಮ ಮೊಮ್ಮಗಳೇ ಸುತ್ಕೊಂಡಿದ್ದು ಅಕ್ಕಾ, ಬಿಚ್ಚೋಕೆ ಹೋದ್ರೆ ನನ್ನೇ ಕಚ್ಚಿದ್ಲು, ನೋಡಿ ಇಲ್ಲಿ, ಅಂತ ಮುಂಗೈ ತೋರಿಸಿದಳು. ನಾನು ನಂಬಲಿಲ್ಲ. ಹಲ್ಲಿನ ಗುರುತು ಯಾರು ಬೇಕಾದರೂ ಮಾಡಿಕೊಳ್ಳಬಹುದು.

ನಿನ್ನೆ ಮಂಚದ ಕೆಳಗೆ ಗುಡಿಸಲು ಬಗ್ಗಿದೆ. ಮಂಚದ ನಾಲ್ಕು ಕಾಲಿಗೂ, ಹಳೇ ಕೊಡೆಯ ಹಿಡಿಗೂ, ಕಳೆದುಹೋಯಿತೆಂದು ಕೌಸಲ್ಯೆಯನ್ನು ಬೈದಿದ್ದೆನಲ್ಲ ಆ ಸೌಟಿಗೂ ನಾರು ಬಿಗಿಯಾಗಿ ಸುತ್ತಿತ್ತು. ಅರ್ಧದವರೆಗೆ ಒಂದು ದಿಕ್ಕಿಗೆ, ಆಮೇಲೆ ತಿರುಗಿ ಇನ್ನೊಂದು ದಿಕ್ಕಿಗೆ. ನಲವತ್ತು ವರ್ಷದಿಂದ ನಾರು ಸುತ್ತುತ್ತಿದ್ದೇನೆ, ಈ ಮನೆಗೆ ಬರುವವರಲ್ಲಿ ನಡುವೆ ಕೈ ಬದಲಿಸುವವಳು ನಿಳಾ ಒಬ್ಬಳೇ. ಅವಳ ಹಾಗೆ ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಎಡಗೈಯೋ ಬಲಗೈಯೋ ಅಂತ ಬೇಗ ಗಟ್ಟಿಯಾಗುವುದಿಲ್ಲ, ಮಾತು ನಿಲ್ಲುವುದಕ್ಕೆ ಕೈ ಕಾರಣ ಅಲ್ಲ, ಬಲವಂತ ಮಾಡಬೇಡಿ ಅಂತ ಡಾಕ್ಟರು ಅಂದದ್ದನ್ನು ನೀನೇ ನನಗೆ ಹೇಳಿದ್ದೆ. ಸಂಜೆ ಕೌಸಲ್ಯೆಗೆ ಒಂದು ಬಟ್ಟಲು ಪಾಯಸ ಕೊಟ್ಟುಬಂದೆ.

ಕಾಗದದ ಜೊತೆ ಒಂದು ಕಂತೆ ನಾರು ಇಟ್ಟಿದ್ದೇನೆ. ಅವಳ ಮುಂದೆ ಹಾಕಿ, ಪಕ್ಕದಲ್ಲೇ ಕೂತು, ಬಾಯಿ ಮುಚ್ಚಿಕೊಂಡು ನೋಡು. ಆಮೇಲೂ ಕಟ್ಟಿದ್ದು ನಾನೇ ಅನಿಸಿದರೆ ಅವಳನ್ನು ಕರೆತರಬೇಡ.

ನಿನ್ನ ಅಮ್ಮ,
ಕಾರ್ತ್ಯಾಯನಿ

ಮೇಲೆ ಬರೆಯಲು ಧೈರ್ಯ ಬಾರದ್ದು ಇನ್ನೊಂದಿದೆ. ನಿನಗೆ ನಾಲ್ಕು ವರ್ಷವಿದ್ದಾಗ ಎಡಗೈಗೆ ಹುಣ್ಣಾಗಿತ್ತು, ಅದಕ್ಕೇ ಬಟ್ಟೆ ಕಟ್ಟಿದ್ದೆ ಅಂತ ಹೇಳುತ್ತ ಬಂದಿದ್ದೇನಲ್ಲ. ಹುಣ್ಣು ಇರಲೇ ಇಲ್ಲ. ನೀನು ಹುಟ್ಟಾ ಎಡಚಿ. ಬಲಗೈ ರೂಢಿಯಾಗಲಿ ಅಂತ ಮೂರು ತಿಂಗಳು ಕಟ್ಟಿದ್ದೆ. ನಿನ್ನ ಮಾತೇನೂ ನಿಲ್ಲಲಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಕೇಳಿಸಿಕೊಂಡೆನಲ್ಲ. ಆದರೆ ಬಿಚ್ಚಿದ ಮೇಲೂ ಎಷ್ಟೋ ದಿನ, ನೀರಿನ ಲೋಟ ಎತ್ತುವ ಮೊದಲು ನೀನು ನನ್ನ ಮುಖ ನೋಡುತ್ತಿದ್ದೆ. ಅದನ್ನು ಕಂಡವಳು ಇನ್ನೊಂದು ಮಗುವಿನ ಕೈ ಕಟ್ಟುತ್ತಾಳಾ?