ಚಿಲಕ ಯಾವ ಕಡೆ

ಫೆಬ್ರವರಿ 4, ಬೆಳಿಗ್ಗೆ

ಮತ್ತೆ ಊಟದ ಮೇಜಿನ ಕೆಳಗೆ, ತಲೆ ತುಂಬ ಕಂಬಳಿ ಹೊದ್ದು ರೆಕಾರ್ಡಿಂಗ್. ಜ್ವಾಲಾಮುಖಿಯ ಪಾಠ. ಲಾವಾ ಇನ್ನೇನು ಉಕ್ಕಬೇಕು... ಇವರು ಕಂಬಳಿ ಎತ್ತಿ ಕೇಳಿದರು, "ನೇಲ್ ಕಟರ್ ಎಲ್ಲಿಟ್ಟಿದ್ದೀಯ?"

ಕಣ್ಣು ಕಾಣದ ಮಕ್ಕಳಿಗೆ ಪಠ್ಯಪುಸ್ತಕ ಓದಿ ಕಳಿಸುವುದು ನನ್ನ ಕೆಲಸ. ಕಳೆದ ಫೈಲು ವಾಪಸ್ ಬಂದಿದೆ. ಹಿಂದೆ ಕುಕ್ಕರ್ ಕೂಗುತ್ತದಂತೆ, ಯಾರೋ ಗಂಡಸು ಆಗಾಗ ಮಾತಾಡುತ್ತಾರಂತೆ. ಮುಂದಿನ ಸ್ಯಾಂಪಲ್ಲೂ ಹೀಗೇ ಇದ್ದರೆ ಕೆಲಸ ಬೇರೆಯವರಿಗೆ. ತುಂಬ ಮರ್ಯಾದೆಯಿಂದಲೇ ಬರೆದಿದ್ದಾರೆ. ಅದಕ್ಕೇ ಇನ್ನೂ ಮೈ ಉರಿಯಿತು.

ಹಿಂದಿನ ರೂಮು ನನಗೆ ಬೇಕು ಎಂದೆ. ಕೆಟ್ಟ ಕೂಲರ್, ಯಾರೂ ತುಳಿಯದ ಸೈಕಲ್ಲು ಬಿಟ್ಟರೆ ಅಲ್ಲೇನಿದೆ? "ತಗೋ, ಅದಕ್ಕೇನಂತೆ" ಎಂದರು, ಪೇಪರಿನಿಂದ ತಲೆ ಎತ್ತದೆ.

ಫೆಬ್ರವರಿ 11

ಹಳೆ ಕಟ್ಟಡ ಒಡೆದ ಸಾಮಾನು ಮಾರುವ ಯಾರ್ಡಿಗೆ ಹೋಗಿದ್ದೆ. ಅಲ್ಲಿನವನು ಏನು ಮುಟ್ಟಿದರೂ "ಬಂಗ್ಲೆದು ಮೇಡಂ" ಅನ್ನುತ್ತಾನೆ. ಅವನು ನೀರು ಕುಡಿಯುವ ಪ್ಲಾಸ್ಟಿಕ್ ಮಗ್ ಮುಟ್ಟಿದ್ದರೂ ಅದನ್ನೇ ಹೇಳುತ್ತಿದ್ದ.

ಆದರೆ ಮರ ಸುಳ್ಳು ಹೇಳುವುದಿಲ್ಲ. ಮೂರು ಬೆರಳು ದಪ್ಪದ ಬಾಗಿಲು ಸಿಕ್ಕಿತು. ತಟ್ಟಿದರೆ ಧಡ್ ಎನ್ನುತ್ತದೆ, ಅಷ್ಟೇ. ಈಗಿನ ಬಾಗಿಲುಗಳು ತಮಟೆ ಇದ್ದ ಹಾಗೆ. ಟೇಬಲ್ಲಿಗೆ ಒಂದು ಕಿಟಕಿ ಬಾಗಿಲು, ಕಪಾಟಿಗೆ ಸ್ಕೂಲಿನ ಹಳೆ ಬೆಂಚು, ಗೋಡೆಗೆ ಜಮಖಾನೆ. ಮತ್ತು ಒಂದು ಹಿತ್ತಾಳೆ ಚಿಲಕ. ನನ್ನ ಮುಂಗೈ ಉದ್ದ. ಅದನ್ನು ಬ್ಯಾಗಿನಲ್ಲಿ ಹಾಕಿಕೊಂಡು ನಾನೇ ಹೊತ್ತು ತಂದೆ.

ಅತ್ತೆ ಮೂಗು ಮುರಿದರು. ಮನೆಯ ಹಳೆಯದನ್ನು ಆಚೆ ಹಾಕಿ, ಊರ ಹಳೆಯದನ್ನು ಒಳಗೆ ತಂದಿದ್ದೇನಂತೆ.

ಫೆಬ್ರವರಿ 20

ಇವರು ಈಗ ಇಂಟೀರಿಯರ್ ಡಿಸೈನರ್! ದಿನಾ ಫೋನಿನಲ್ಲಿ ಫೋಟೋ ತೋರಿಸುತ್ತಾರೆ. ಗೋಡೆಗೊಂದು ಗಾಡಿ ಚಕ್ರ ಬೇಕಂತೆ. ಲಾಟೀನು ಬೇಕಂತೆ. ರಸ್ಟಿಕ್ ಲುಕ್ ಅಂತೆ. ತಮ್ಮ ಮೀಟಿಂಗುಗಳಿಗೂ ಒಳ್ಳೆ ಬ್ಯಾಕ್‌ಗ್ರೌಂಡ್ ಆಗುತ್ತದಂತೆ. "ನಮ್ಮ ಆಫೀಸ್" ಎಂದು ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದರು.

ನಮ್ಮ! ಪಾತ್ರೆ ಕುಕ್ಕಿದೆ. ಯಾರಿಗೂ ಕೇಳಿಸಲಿಲ್ಲ.

ಫೆಬ್ರವರಿ 27, ಸಂಜೆ

ಅವತ್ತು ಆರಿಸಿಟ್ಟಿದ್ದ ಜಮಖಾನೆ ತರಲು ಹೋಗಿದ್ದೆ. ಬರುವಷ್ಟರಲ್ಲಿ ಬಡಗಿ ಬಾಗಿಲು ಕೂರಿಸಿ ಹೋಗಿದ್ದ. ಚೆನ್ನಾಗಿ ಕೂತಿದೆ, ಸಂದಿಗಳಿಗೆಲ್ಲ ರಬ್ಬರ್ ಪಟ್ಟಿಯನ್ನೂ ಹೊಡೆದಿದ್ದಾನೆ. ಕಣ್ಣು ತುಂಬಿ ಬಂತು. ಆಮೇಲೆ ನೋಡಿದೆ. ಚಿಲಕ ಹೊರಗಡೆ.

ಬಡಗಿಗೆ ಫೋನ್ ಮಾಡಿದೆ. ಸಾರ್ ಹೇಳಿದ್ದರಂತೆ. ಸಾರ್‌ನ ಕೇಳಿದೆ.

"ರೂಮಿಗೆ ಚಿಲಕ ಹೊರಗೆ ತಾನೇ ಇರೋದು? ಬಾಗಿಲು ತೆಗೆದಿದ್ರೆ ಬೆಕ್ಕು ನುಗ್ಗುತ್ತೆ. ಒಳಗೆ ಯಾಕೆ ಬೇಕು, ನಿನಗೇನು ಭಯ?"

ಭಯವಂತೆ! ಮಲಗುವ ಕೋಣೆಗೆ ಒಳಗೆ ಚಿಲಕ ಇದೆ. ಬಚ್ಚಲಿಗೆ ಇದೆ. ನಾನು ಮಲಗಬಹುದು, ಸ್ನಾನ ಮಾಡಬಹುದು, ಅದಕ್ಕೆಲ್ಲ ಮರೆ ಉಂಟು. ಕೆಲಸ ಮಾಡುವಾಗ ಮಾತ್ರ ಯಾರು ಬೇಕಾದರೂ ಕಂಬಳಿ ಎತ್ತಬಹುದು. ಬಡಗಿ ಮುಂದಿನ ವಾರ ಬಂದು ಬದಲಿಸುತ್ತಾನಂತೆ.

ಮಾರ್ಚ್ 9, ಸಂಜೆ

ಪೆನ್ನು ಒತ್ತಿ ಒತ್ತಿ ಹಾಳೆ ಹರಿಯುತ್ತಿದೆ. ಸಿಟ್ಟಿಗೆ.

ಬಡಗಿಯ ಪತ್ತೆಯಿಲ್ಲ. ಮಧ್ಯಾಹ್ನ ಬಾಗಿಲು ಮುಚ್ಚಿಕೊಂಡು ಓದಲು ಕೂತೆ. ರಿಂಗ್ ಆಗಬಾರದೆಂದು ಫೋನನ್ನು ಅಡುಗೆಮನೆಯಲ್ಲೇ ಬಿಟ್ಟಿದ್ದೆ. ಪಾಠ ಮುಗಿಸಿ ಎದ್ದು ಬಾಗಿಲು ಎಳೆದರೆ... ಅಲ್ಲಾಡಲಿಲ್ಲ. ಹೊರಗಿನಿಂದ ಚಿಲಕ ಬಿದ್ದಿದೆ!

ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿದೆ. ಗುದ್ದಿದೆ. ಮೂರು ಬೆರಳು ದಪ್ಪ, ರಬ್ಬರ್ ಪಟ್ಟಿ, ಜಮಖಾನೆ, ಎಲ್ಲ ನಾನೇ ಆರಿಸಿದ್ದು. ಕಿಟಕಿಗೆ ನಾನೇ ಹಲಗೆ ಹೊಡೆಸಿದ್ದು. ಸದ್ದು ಬರಬಾರದು ಎಂದಿದ್ದೆ, ಬರಲಿಲ್ಲ, ಹೋಗಲೂ ಇಲ್ಲ. ಅತ್ತೆ ಕಿವಿಯ ಮೆಷಿನ್ ತೆಗೆದಿಟ್ಟು ಮುಂದಿನ ರೂಮಿನಲ್ಲಿ ಮಲಗಿದ್ದರು. ಕೊನೆಗೆ ನೆಲದ ಮೇಲೆ ಕೂತು ಅತ್ತೆ ಏಳುವುದನ್ನೇ ಕಾದೆ.

ಬಾಗಿಲು ತೆರೆದವರು ಅವರೇ. ಕೇಳಿದ ಮೊದಲ ಮಾತು, "ಟೀ ಇಟ್ಟಿಲ್ವಾ?"

ಇವರು ಹೊರಗೆ ಹೋಗುವಾಗ ನೋಡಿ, ಚಿಲಕ ತೆಗೆದಿದೆಯಲ್ಲ ಎಂದು ಹಾಕಿ ಹೋದರಂತೆ. ಬಂದು ಕೇಳಿದ ಮೇಲೆ ನಕ್ಕರು. "ನೀನು ಒಳಗಿದ್ದೀಯ ಅಂತ ಹೊಳೀಲೇ ಇಲ್ಲ ಕಣೆ."

ಅದೇ. ಹೊಳೆಯುವುದೇ ಇಲ್ಲ. ಕನ್ನಡಕದ ಡಬ್ಬಿ ಎಲ್ಲಿದೆಯೆಂದು ಕೇಳುವಾಗ ಹೊಳೆಯುತ್ತೇನೆ.

ಸ್ಕ್ರೂಡ್ರೈವರ್ ಹುಡುಕಿ ಇಟ್ಟುಕೊಂಡಿದ್ದೇನೆ.

ಮಾರ್ಚ್ 10

ಬಡಗಿಗಾಗಿ ಕಾಯಲಿಲ್ಲ. ಒಂದು ಸ್ಕ್ರೂ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಬಾಯಿಗೆ ಬಂದ ಹಾಗೆ ಬೈದೆ, ಸ್ಕ್ರೂಗೆ, ಬೇರೆಯವರಿಗೂ. ಅತ್ತೆ ಸ್ಟೂಲ್ ಹಾಕಿಕೊಂಡು ನೋಡುತ್ತ ಕೂತಿದ್ದರು. ಮೆಷಿನ್ ಕಿವಿಯಲ್ಲೇ ಇತ್ತು.

"ಒಳಗೆ ಹಾಕ್ಕೊಂಡು ಕೂತ್ರೆ, ನನಗೇನಾದ್ರೂ ಆದ್ರೆ?"

"ತಟ್ಟಿ. ಕೂಗಿದ್ರೆ ಕೇಳಲ್ಲ, ತಟ್ಟಿದ್ರೆ ಕೇಳುತ್ತೆ."

ಅತ್ತೆ ಎದ್ದು ಹೋಗಿ ಹೊಲಿಗೆ ಯಂತ್ರದ ಎಣ್ಣೆ ಕುಪ್ಪಿ ತಂದು ಕೈಗೆ ಕೊಟ್ಟರು. ಆ ಯಂತ್ರವನ್ನು ನನಗೆ ಮುಟ್ಟಲೂ ಬಿಟ್ಟವರಲ್ಲ.

ಚಿಲಕ ಈಗ ಒಳಗಡೆ. ಸ್ವಲ್ಪ ಸೊಟ್ಟ. ಹೊರಗೆ ಸ್ಕ್ರೂ ತೂತುಗಳು ಉಳಿದಿವೆ. ಚೆನ್ನಾಗಿ ಕಾಣಲ್ಲ, ಪುಟ್ಟಿ ತುಂಬಿಸೋಣ ಎಂದರು ಇವರು. ರಸ್ಟಿಕ್ ಲುಕ್, ಇರಲಿ ಎಂದೆ.

ಮಾರ್ಚ್ 12, ಬೆಳಿಗ್ಗೆ

ಸ್ಯಾಂಪಲ್ ಇವತ್ತೇ ಹೋಗಬೇಕು. ಒಳಗಿನಿಂದ ಚಿಲಕ ಹಾಕಿದೆ. ಮತ್ತದೇ ಜ್ವಾಲಾಮುಖಿ. ಮೊದಲ ಭಾಗ ಓದಿ ಹಾಕಿಕೊಂಡು ಕೇಳಿದೆ. ನನ್ನ ದನಿ ಬಿಟ್ಟರೆ ಏನೂ ಇಲ್ಲ. ನನ್ನ ದನಿ ಹೀಗಿದೆ ಎಂದು ಗೊತ್ತೇ ಇರಲಿಲ್ಲ.

ಬಾಗಿಲು ನೂಕಿದರು. ರೆಕಾರ್ಡಿಂಗ್ ನಿಲ್ಲಿಸಿದೆ. ಮತ್ತೆ ನೂಕಿದರು. ಆಮೇಲೆ ಏನೂ ಇಲ್ಲ. ಹೋದರು ಎಂದುಕೊಂಡೆ.

ತಟ್ಟುತ್ತಿದ್ದಾರೆ. ಮೆಲ್ಲಗೆ, ಬೇರೆಯವರ ಮನೆ ಬಾಗಿಲು ತಟ್ಟುವ ಹಾಗೆ. ಹೋಗಿ ಕಿವಿಯಿಟ್ಟೆ. ಇವರು. "ಒಳಗೆ ಬರಬಹುದಾ?"

ಮದುವೆಯಾದಾಗಿನಿಂದ ಈ ಮನೆಯಲ್ಲಿ ಯಾರೂ ನನ್ನನ್ನು ಹಾಗೆ ಕೇಳಿದ್ದಿಲ್ಲ. ಕೈ ತಾನಾಗಿಯೇ ಚಿಲಕಕ್ಕೆ ಹೋಯಿತು. ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸುವ ಅವಸರವೂ ಇಲ್ಲ. ಬಂದು ಕೂತು ಇದನ್ನು ಬರೆಯುತ್ತಿದ್ದೇನೆ. ಇನ್ನೂ ಅಲ್ಲೇ ನಿಂತಿದ್ದಾರೆ. ನಿಲ್ಲಲಿ. ಪಾಠ ಮುಗಿದ ಮೇಲೆ ನಾನೇ ತೆಗೆಯುತ್ತೇನೆ. ಇಲ್ಲವೇ ಅದರ ಮುಂದಿನ ಪಾಠವೂ ಮುಗಿದ ಮೇಲೆ.