ಜೋಳಿಗೆಗೆ ಬಿದ್ದ ನೌಕರಿ

ಮಸ್ಕಿ
ವಿಶ್ವಾವಸು ಸಂವತ್ಸರದ ಆಷಾಢ ಬಹುಳ ಪಂಚಮಿ, ಮಂಗಳವಾರ

ಪ್ರೀತಿಯ ಮೊಮ್ಮಗಳು ಶಿವರಂಜನಿಗೆ, ಲಿಂಗಪೂಜೆ ಮುಗಿಸಿ ಎದ್ದ ಕೈಯಲ್ಲೇ ನಿನ್ನ ಅಜ್ಜ ಬರೆಯುವ ಆಶೀರ್ವಾದಗಳು.

ನಿನ್ನ ದೇಹಸ್ಥಿತಿ ಹೇಗಿದೆ, ತಾಯಿ? ಹುಬ್ಬಳ್ಳಿಯ ನೀರು ಈಗಲಾದರೂ ಒಗ್ಗಿತೆ? ಹೊತ್ತೆಲ್ಲ ನಿಂತೇ ಇರುವುದರಿಂದ ಕಾಲಿಗೆ ಬಾವು ಬರುತ್ತದೆಂದು ನಿನ್ನ ತಾಯಿ ಭುವನೇಶ್ವರಿಯ ಮುಂದೆ ಹೇಳಿದೆಯಂತೆ. ಬಿಸಿನೀರಿಗೆ ಕಲ್ಲುಪ್ಪು ಹಾಕಿ ಕಾಲಿಟ್ಟುಕೊಂಡು ಕುಳಿತುಕೋ. ನರ್ಸಿಗೇ ಔಷಧ ಹೇಳುವ ಅಜ್ಜನೆಂದು ನಗಬೇಡ. ಇಲ್ಲಿ ಗುಡ್ಡದ ಮಲ್ಲಯ್ಯನ ಕೃಪೆಯಿಂದ ಎಲ್ಲರೂ ಕ್ಷೇಮ. ಭತ್ತದ ನಾಟಿಯ ಕಾಲವಾದ್ದರಿಂದ ನಿನ್ನ ತಂದೆ ವೀರೇಂದ್ರನ ಗೊಬ್ಬರದ ಅಂಗಡಿಯಲ್ಲಿ ಜನಜಾತ್ರೆ. ಉಣ್ಣಲು ಮಾತ್ರ ಮನೆಗೆ ಬರುತ್ತಾನೆ. ನಿನ್ನ ಅಜ್ಜಿ ಜಂಬಮ್ಮ ಮೊಣಕಾಲು ನೋವಿನ ನಿಮಿತ್ತ ಗುಡ್ಡ ಹತ್ತುವುದನ್ನು ಬಿಟ್ಟಿದ್ದಾಳೆ, ಆದರೆ ಕೆಳಗೆ ನಿಂತೇ ನಿನ್ನ ವಿಷಯವಾಗಿ ಮಲ್ಲಯ್ಯನೊಡನೆ ದಿನವೂ ವಾದ ಹೂಡುತ್ತಾಳೆ. ಪ್ರತಿ ಭಾನುವಾರ ಫೋನಿನಲ್ಲಿ ಮಾತನಾಡುವಾಗ ಈ ಪತ್ರವೇಕೆಂದು ನೀನು ಕೇಳಬಹುದು. ನಿನ್ನ ದನಿ ಕೇಳಿದೊಡನೆ ಹೇಳಬೇಕಾದುದೆಲ್ಲ ಹಿಂದುಳಿದು, ಉಂಡೆಯಾ, ಮಲಗಿದೆಯಾ ಎಂಬಲ್ಲಿಗೇ ಮಾತು ತೀರಿಹೋಗುತ್ತದೆ. ಕಾಗದದ ಮುಂದೆ ಅಂಥ ತೊಂದರೆಯಿಲ್ಲ.

ಸಿಂಧನೂರಿನಲ್ಲಿ ಓದು ಮುಗಿಸಿ ಪದವಿ ಕೈಗೆ ಬಂದರೂ ನಮ್ಮ ಸೀಮೆಯಲ್ಲಿ ಎಲ್ಲಿಯೂ ಕೆಲಸ ಸಿಗದೆ, ಚೈತ್ರದ ಬಿಸಿಲಿನಲ್ಲಿ ನೀನು ಹುಬ್ಬಳ್ಳಿಯ ಆ ದೊಡ್ಡ ಆಸ್ಪತ್ರೆಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: “ಅಜ್ಜಾ, ನಮ್ಮ ಕಡೆ ಎಲ್ಲ್ಯಾರ ಒಂದು ಜಾಗಾ ಐತೇನು ನೋಡು. ನಾ ಓಡಿ ಬರ್ತೀನಿ.” ಅಂದಿನಿಂದ ಈ ಮುದುಕನು ಕೈಕಟ್ಟಿ ಕುಳಿತಿಲ್ಲ. ಸೋಮವಾರದ ಭಿಕ್ಷೆ ಮುಗಿಸಿ, ಹಣೆಯ ವಿಭೂತಿ, ಹೆಗಲ ಜೋಳಿಗೆ ಇದ್ದಂತೆಯೇ ಬಸ್ಸು ಹತ್ತುತ್ತಿದ್ದೆ. ಜೋಳಿಗೆಯನ್ನು ಮನೆಯಲ್ಲಿ ಇಳಿಸಿ ಹೋಗಬೇಕೆಂಬ ಬುದ್ಧಿ ನನಗೆ ಹೊಳೆಯಲಿಲ್ಲ. ಅದರಿಂದ ಆದ ಫಜೀತಿಯನ್ನು ಕೇಳು. ಸಿಂಧನೂರಿನ ಒಂದು ಆಸ್ಪತ್ರೆಯ ಬಾಗಿಲಲ್ಲಿ ಚೀಟಿ ಕೊಡುವ ಹುಡುಗಿ ನಾನು ಬಾಯಿ ತೆರೆಯುವ ಮೊದಲೇ, “ಅಯ್ಯಾರ, ಸೋಮವಾರ ಭಾಳ ಗದ್ಲ ಇರ್ತೈತ್ರಿ, ನಾಳಿಗೆ ಬರ್ರಿ, ಭಿಕ್ಷಾ ತೆಗೆದಿಟ್ಟಿರ್ತೀನಿ” ಎಂದು ಕೈಮುಗಿದಳು. ಪಕ್ಕದ ಬೆಂಚಿನಲ್ಲಿದ್ದ, ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಳಿ ತಾಯಿಯೊಬ್ಬಳು ಜ್ವರದ ಕೂಸಿನ ಹಣೆಗೆ ನನ್ನಿಂದ ವಿಭೂತಿ ಹಚ್ಚಿಸಿಕೊಂಡು ಜೋಳಿಗೆಗೆ ಬಾಳೆಹಣ್ಣು ಹಾಕಿದಳು. ಅವನ್ನು ಬಸ್‌ಸ್ಟ್ಯಾಂಡಿನಲ್ಲಿ ಹಸಿದವರಿಗೆ ಕೊಟ್ಟು ಬಂದೆ. ಜೋಳಿಗೆಗೆ ಬಿದ್ದುದು ನಮ್ಮ ಮನೆಯ ಒಲೆಗೆ ಹೋಗಬಾರದೆಂಬ ಮನೆತನದ ಕಟ್ಟಳೆ ನಿನಗೇನು ಹೊಸದಲ್ಲ. ಚಿಕ್ಕವಳಿದ್ದಾಗ, ನಾನು ಜೋಳಿಗೆಯನ್ನು ಮೊರಕ್ಕೆ ಸುರಿದೊಡನೆ ಓಡಿಬಂದು, ಬಾಗಿಲಿಗೆ ಬಂದವರಿಗೆ ನಿನ್ನ ಪುಟ್ಟ ಬೊಗಸೆಯಿಂದ ಹಂಚುತ್ತಿದ್ದವಳು ನೀನೇ ಅಲ್ಲವೆ?

ನಮ್ಮ ಮಸ್ಕಿಯಲ್ಲಾದರೋ ಇನ್ನೂ ಸೋಜಿಗ. ಇಲ್ಲಿನ ಒಂದು ದವಾಖಾನೆಗೆ ಅಂದೇ ಹೊಸ ಎಕ್ಸ್‌ರೇ ಯಂತ್ರ ಬಂದಿತ್ತು. ಪೂಜೆಗೆ ಅಯ್ಯನವರನ್ನು ಕರೆತರಲು ಆಳು ಹೋಗಿತ್ತಂತೆ. ನಾನು ಕಾಲಿಟ್ಟೊಡನೆ ಮಣೆ ಹಾಕಿ ಕೂರಿಸಿಯೇಬಿಟ್ಟರು. ಯಂತ್ರಕ್ಕೆ ಯಥಾವಿಧಿ ಪತ್ರಿ ಏರಿಸಿ, ಮಂಗಳಾರತಿ ಬೆಳಗಿ ಎದ್ದೆ. ಪೂಜೆಗೆ ಕುಳಿತು ಎದ್ದವನು ಅದೇ ಬಾಯಿಂದ ನೌಕರಿ ಬೇಡುವುದು ಹೇಗೆ? ಪ್ರಸಾದದ ಕಾಯಿಯ ಹೋಳನ್ನು ಕೈಯಲ್ಲಿ ಹಿಡಿದು ಮನೆಗೆ ಬಂದಾಗ ನಿನ್ನ ಅಜ್ಜಿ, “ನೌಕರಿ ಕೇಳಾಕ ಹೋದವ್ರು ಚಟ್ನಿಗೆ ಕಾಯಿ ತಂದ್ರಿ. ಅಷ್ಟರ ಆತಲ್ಲ” ಎಂದಳು.

ಹುಣ್ಣಿಮೆಯ ಹಿಂದಿನ ಸೋಮವಾರ ಲಿಂಗಸುಗೂರಿಗೆ ಹೋದೆ. ಅಲ್ಲಿ ಸ್ವಂತ ಆಸ್ಪತ್ರೆ ನಡೆಸುವ ಡಾಕ್ಟರ್ ವಿರೂಪಾಕ್ಷಪ್ಪನವರ ಹಿರಿಯರ ಮನೆಗೆ ನನ್ನ ತಂದೆಯವರು ಭಿಕ್ಷೆಗೆ ಹೋಗುತ್ತಿದ್ದರು. ಅವರು ಕುರ್ಚಿಯಿಂದೆದ್ದು ಪಾದ ಮುಟ್ಟಿದರು. ನಾನು ಬಂದ ಕಾರಣವನ್ನು ಅರ್ಧ ಹೇಳುವಷ್ಟರಲ್ಲಿ ಎರಡೂ ಕೈ ಬೊಗಸೆ ಮಾಡಿ, ಅದರಲ್ಲಿ ಏನನ್ನೋ ತುಂಬಿಕೊಂಡವರಂತೆ ತಂದು ನನ್ನ ಜೋಳಿಗೆಯೊಳಗೆ ಬಿಟ್ಟು, “ಅಜ್ಜಾರ, ನಿಮ್ಮ ಜೋಳಿಗಿಗೆ ನಮ್ಮ ಮನ್ಯಾಗ ಯಾರೂ ಇಲ್ಲ ಅಂದಿಲ್ರಿ. ಒಬ್ಬ ಸಿಸ್ಟರ್ ಬೇಕಾಗ್ಯಾರ. ಆ ಜಾಗಾ ಇದರಾಗ ಹಾಕೀನಿ ಅಂತ ತಿಳೀರಿ. ಶ್ರಾವಣದ ಮೊದಲ ಸೋಮವಾರ ಕಳಸ್ರಿ” ಎಂದರು. ನಿನ್ನ ಹೆಸರನ್ನು ಅವರು ಕೇಳಲೂ ಇಲ್ಲ, ಸಂತೋಷದ ಭರದಲ್ಲಿ ನಾನು ಹೇಳಲೂ ಇಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ರಸ್ತೆಯೇ ಕಾಣಲಿಲ್ಲ. ಮುಂಜಾನೆ ನೀನು ಬುತ್ತಿ ಕಟ್ಟಿಕೊಂಡು ಲಿಂಗಸುಗೂರಿನ ಬಸ್ಸು ಹತ್ತುವೆ, ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲು ದಾಟಿ ಒಳಬರುವೆ, ನಾನು ಪುರಾಣದ ಪುಟ ತೆರೆದರೆ ಮೊದಲಿನಂತೆಯೇ ತೂಕಡಿಸುವೆ: ಇಷ್ಟೇ ನನ್ನ ಕಣ್ಣ ಮುಂದಿತ್ತು. ಸುದ್ದಿ ಕೇಳಿದ ಮರುದಿನವೇ ನಿನ್ನ ಅಜ್ಜಿ ಹಾಸಿಗೆಗೆ ಬಿಸಿಲು ಕಾಣಿಸಿ, ನಿನ್ನ ಮಂಚವನ್ನು ಕಿಟಕಿಯ ಬಳಿಗೆ ಎಳೆಸಿದಳು.

ಆದರೆ ಆ ವಾರವೆಲ್ಲ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಡಾಕ್ಟರು ಆ ಜಾಗವನ್ನು ಕೊಟ್ಟದ್ದು ನಿನ್ನ ಅಜ್ಜ ಕರಿಬಸಯ್ಯನಿಗಲ್ಲ, ಅವನ ಹೆಗಲ ಜೋಳಿಗೆಗೆ. ಹಾಗಾದರೆ ಅದು ನಮ್ಮ ಮನೆಗೆ ಸಲ್ಲುವುದೆ? ಕಟ್ಟಳೆಯಲ್ಲಿ ಹೇಳಿರುವುದು ಧಾನ್ಯ, ವಸ್ತ್ರ, ಫಲಗಳ ಮಾತು. ನೌಕರಿಯೆಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ. ಕಾಣದುದು ಜೋಳಿಗೆಗೆ ಬಿದ್ದಿತೆನ್ನುವುದು ಉಪಚಾರದ ಮಾತು ಮಾತ್ರ. ಹೀಗೆ ನನಗೆ ನಾನೇ ಪೂರ್ವಪಕ್ಷ, ಸಿದ್ಧಾಂತಗಳನ್ನು ಹೂಡಿ ಗೆದ್ದೆನೆಂದುಕೊಂಡೆ. ರೊಟ್ಟಿ ಬಡಿಯುತ್ತಿದ್ದ ನಿನ್ನ ಅಜ್ಜಿ ತಲೆಯೆತ್ತದೆ, “ಇಷ್ಟು ಶಾಸ್ತ್ರಾ ಹುಡುಕಾಕತ್ತೀರಿ ಅಂದ್ರ ನಿಮ್ಮ ಮನಸಿಗೇ ಒಪ್ಪಿಲ್ಲ ಅಂತಾತು” ಎಂದಳು. ಆಮೇಲೆ ಅವಳೇ ಸೆರಗಿನಿಂದ ಕಣ್ಣೊರಸಿಕೊಂಡಳು. ಒಲೆಯ ಹೊಗೆ ಎಂದಳು. ಒಲೆಯೋ ಗ್ಯಾಸಿನದು.

ನಿನ್ನೆ ಭಿಕ್ಷೆಗೆ ಹೊರಟವನು ಹಿಂದಿನ ಓಣಿಯ ದರ್ಜಿ ಶೇಕ್ಷಾವಲಿಯ ಬಾಗಿಲಿಗೂ ಹೋದೆ. ಅವರ ಮನೆಯಿಂದ ನಮ್ಮ ಜೋಳಿಗೆಗೆ ಜೋಳ ಬರುವುದು ನಿನ್ನೆ ಮೊನ್ನೆಯ ರೂಢಿಯಲ್ಲ. ಅವನ ಮಗಳು, ನಿನ್ನ ಜೊತೆಗೇ ಕುಳಿತು ಓದಿ ಜೊತೆಗೇ ಪಾಸಾದ ನಿನ್ನ ಗೆಳತಿ ವಸೀಮಾ, ಮನೆಯಲ್ಲೇ ಉಳಿದಿರುವುದು ನಿನಗೆ ಗೊತ್ತಿದೆ. ತಾಯಿ ಮೈಮುನಾಬಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋದಂದಿನಿಂದ ಆ ಹುಡುಗಿ ದೂರದ ಊರಿಗೆ ಹೋಗುವಂತಿಲ್ಲ. ಹಗಲು ಶೇಕ್ಷಾವಲಿ ಪಡಸಾಲೆಯಲ್ಲಿ ಹೊಲಿಯುತ್ತಲೇ ನೋಡಿಕೊಂಡಾನು. ರಾತ್ರಿ ಮಗಳು ಬೇಕೇ ಬೇಕು. ಹೋಗಿಬರುವಷ್ಟು ಹತ್ತಿರದಲ್ಲಿ ಅವಳಿಗೂ ಕೆಲಸವಿಲ್ಲ. ನಿನ್ನೆ ವಸೀಮಾ ಜೋಳ ತಂದರೆ ಮೈಮುನಾಬಿ ಬಿಡಲಿಲ್ಲ, ಮಗಳ ಹೆಗಲು ಹಿಡಿದು ಬಾಗಿಲಿಗೆ ಬಂದು, “ಅಜ್ಜಾರ, ಬಲಗೈಯಾಗ ಜೀವಿಲ್ರಿ. ಎಡಗೈಲೆ ಹಾಕಿದ್ರ ನಡೀತೈತೇನ್ರಿ?” ಎಂದು ಕೇಳಿದಳು. “ನಡೀತೈತವ್ವಾ” ಎಂದು ಜೋಳಿಗೆಯನ್ನು ಅವಳ ಕೈಮಟ್ಟಕ್ಕೆ ಇಳಿಸಿ ಹಿಡಿದೆ. ಅರ್ಧ ಜೋಳ ಒಳಗೆ ಬಿತ್ತು, ಅರ್ಧ ಹೊಸ್ತಿಲ ಮೇಲೆ ಚೆಲ್ಲಿತು. ವಸೀಮಾ ಬಗ್ಗಿ ಒಂದೊಂದೇ ಕಾಳನ್ನು ಆಯ್ದು ಹಾಕಿದಳು. ತಮ್ಮ ಕಷ್ಟದ ಮಾತನ್ನು ಇಬ್ಬರೂ ಎತ್ತಲಿಲ್ಲ. “ನಮ್ಮ ರಂಜು ಹೆಂಗದಾಳ್ರಿ?” ಎಂದಳು ಮೈಮುನಾಬಿ. “ಆಕಿಗೆ ನೌಕರಿ ಸಿಕ್ಕ ದಿನಾನ ದರ್ಗಾದಾಗ ಸಕ್ರಿ ಓದ್ಸೀವ್ರಿ.” ನಮ್ಮ ಮನೆಯ ಮಗಳ ಹೆಸರಿನಲ್ಲಿ ಅವರು ಸಕ್ಕರೆಯಿಟ್ಟು ಪ್ರಾರ್ಥನೆ ಓದಿಸಿದ್ದು ನನಗೆ ಈವರೆಗೆ ಗೊತ್ತಿರಲಿಲ್ಲ. ಅಲ್ಲಿಂದ ಮುಂದಿನ ಮನೆಗಳಿಗೆ ಹೋಗದೆ ತಿರುಗಿ ಬಂದೆ.

ಮೊನ್ನೆ ಭಾನುವಾರ ನೀನು ನಿನ್ನ ವಾರ್ಡಿನಲ್ಲಿರುವ, ಅವಧಿಗೆ ಮುಂಚೆ ಹುಟ್ಟಿ ಅಂಗೈಯಷ್ಟೇ ಇರುವ ಕೂಸಿನ ಸುದ್ದಿಯನ್ನು ಹೇಳಿದೆ. “ಅಜ್ಜಾ, ಇವತ್ತು ಮೂಗಿನ ನಳಕಿ ತೆಗೆದ್ರೂ ತಾನ ಉಸಿರಾಡ್ತು” ಎನ್ನುವಾಗ ನಿನ್ನ ದನಿ ನಾನು ಹಿಂದೆಂದೂ ಕೇಳಿದ ದನಿಯಾಗಿರಲಿಲ್ಲ. ಲಿಂಗಸುಗೂರಿನ ಸುದ್ದಿ ನನ್ನ ನಾಲಗೆಯ ತುದಿಯಲ್ಲಿತ್ತು. ಆದರೆ ನಮ್ಮ ಕಡೆ ಜಾಗ ಸಿಕ್ಕಿತೇ ಎಂದು ಪ್ರತಿ ಭಾನುವಾರ ಕೇಳುತ್ತಿದ್ದ ನೀನು ಅಂದು ಕೇಳಲಿಲ್ಲ. ಫೋನು ಇಟ್ಟ ಮೇಲೆ ನನಗೆ ಸಂತೋಷವೂ ಆಯಿತು, ಎದೆಯೊಳಗೆ ಒಂದು ಕಂಬ ಸರಿದಂತೆಯೂ ಆಯಿತು. ನಿನಗೆ ಅದು ತಿಳಿದಿರಲಾರದು.

ನಿನ್ನ ಕೈ ಸೋಕಿದ ಕೂಸುಗಳೆಲ್ಲ ಬೆಳೆದು ತಮ್ಮ ತಾಯಂದಿರ ಮಡಿಲು ತುಂಬಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಹೊರಡುವಾಗ ಹಣೆಗೆ ವಿಭೂತಿ ಇಡುವುದನ್ನು ಮರೆಯಬೇಡ. ಮಲ್ಲಯ್ಯ ನಿನ್ನ ಬೆನ್ನಿಗಿರಲಿ.

ನಿನ್ನ ದಾರಿ ನೋಡುವ ಅಜ್ಜ,
ಕರಿಬಸಯ್ಯ

ಮತ್ತೊಂದು ಮಾತು. ಟಪಾಲಿನ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಆ ಜಾಗವನ್ನು ಬೇರೆಯವರಿಗೆ ಕೊಡಬಹುದೇ ಎಂದು ಡಾಕ್ಟರಿಗೆ ಫೋನು ಮಾಡಿ ಕೇಳಿದೆ. “ಹಾಕಿದ ಮ್ಯಾಲ ಅದು ನಿಮ್ಮದ್ರಿ, ಯಾರಿಗಾರ ಕೊಡ್ರಿ” ಎಂದರು. ವಸೀಮಾಳಿಗೆ ಹೇಳಿಬರೋಣವೆಂದು ಈಗ ಅವರ ಹೊಸ್ತಿಲವರೆಗೆ ಹೋದೆ. ನೀರನ್ನಷ್ಟೇ ಕೇಳಿ ಕುಡಿದು ಬಂದೆ. ಬೇಡುವುದಷ್ಟೇ ನನ್ನ ಕೈಗೆ ರೂಢಿ, ಹಂಚುವ ಬೊಗಸೆ ಎಂದಿಗೂ ನಿನ್ನದು. ಆದ್ದರಿಂದ ನೀನೇ ಅವಳಿಗೆ ಫೋನು ಮಾಡಿ, ಶ್ರಾವಣದ ಮೊದಲ ಸೋಮವಾರ ಲಿಂಗಸುಗೂರಿಗೆ ಹೋಗೆಂದು ಹೇಳು. ಮಂಚ ಮಾತ್ರ ಕಿಟಕಿಯ ಬಳಿಯಲ್ಲೇ ಇರಲಿ ಎನ್ನುತ್ತಾಳೆ ನಿನ್ನ ಅಜ್ಜಿ. ಈ ಪತ್ರ ಮುಟ್ಟಿದ ದಿನವೇ ಹೇಳಿಬಿಡು, ತಾಯಿ. ಮುಂದಿನ ಭಾನುವಾರದವರೆಗೆ ತಡೆದರೆ, ನಿನ್ನ ದನಿ ಕೇಳಿ, ಬಾ ಎಂದುಬಿಡುತ್ತೇನೆ.